ಅರ್ಧ ಬೋಳಿಸಿದ ತಲೆಯೂ ಒಣ ಸಿಗಡಿ ಚಟ್ನಿಯೂ

ಪುಸ್ತಕ ಕೈಗೆ ಬಂದ ಕೂಡಲೇ ಕೊನೆಯ ಪುಟ ತೆರೆದು ನೋಡುವ ಕೆಟ್ಟ ಚಾಳಿ ನನಗಿದೆ. ಕಾದಂಬರಿಯಲ್ಲಿ ಹುಡುಗಿಗೆ ಮದುವೆಯಾಯಿತೇ, ಮುದುಕ ಉಳಿದನೇ ಎಂದು ತಿಳಿದ ಮೇಲೆಯೇ ನಾನು ನೆಮ್ಮದಿಯಿಂದ ಮೊದಲ ಪುಟಕ್ಕೆ ಬರುವುದು. ಆದರೆ ಕೊನೆಯ ಪುಟವನ್ನೇ ಮೊದಲ ಪುಟ ಎಂದು ನಂಬಿ ಓದಲು ಕುಳಿತು, ಅದರ ಮೇಲೆ ಗಟ್ಟಿಯಾದ ಅಭಿಪ್ರಾಯವನ್ನೂ ಹೇಳಿಬಿಟ್ಟದ್ದು ಇದೇ ಮೊದಲು.

ಪುಸ್ತಕ ನನ್ನ ಮಗಳು ರಿಯಾಳದ್ದು. ಹೈಸ್ಕೂಲು ಮುಗಿಸುತ್ತಿರುವ ಹುಡುಗಿ. ಜಪಾನಿನ ಚಿತ್ರಕಥೆಗಳ ಹುಚ್ಚು. ಅವಳ ಮಂಚದ ಕೆಳಗೆ ಮಾಂಗಾ ಪುಸ್ತಕಗಳು ಎಷ್ಟಿವೆಯೆಂದರೆ ಕಸ ಗುಡಿಸುವ ಪೊರಕೆ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದೆ. ಒಂದು ಶನಿವಾರ ಅವಳು ಸ್ನಾನಕ್ಕೆ ಹೋಗಿದ್ದಾಗ ಇದೇನಿದೆ ನೋಡೋಣ ಎಂದು ಒಂದನ್ನು ತೆರೆದೆ. ಎಡಗಡೆಯಿಂದ ತೆರೆದೆ, ನಮ್ಮ ಪುಸ್ತಕಗಳನ್ನು ತೆರೆದ ಹಾಗೆ. ಮಾಂಗಾ ಬಲದಿಂದ ಎಡಕ್ಕೆ ಹೋಗುತ್ತದಂತೆ, ನಮ್ಮ ಅರಬ್ಬರ ಬರವಣಿಗೆಯ ಹಾಗೆ. ಇಷ್ಟು ವರ್ಷ ಅಬುಧಾಬಿಯಲ್ಲಿದ್ದು, ಮೊಸರಿನ ಡಬ್ಬದಿಂದ ಹಿಡಿದು ಬಸ್ ನಿಲ್ದಾಣದ ಬೋರ್ಡಿನವರೆಗೆ ಬಲದಿಂದ ಎಡಕ್ಕೆ ಹೋಗುವ ಅಕ್ಷರಗಳ ನಡುವೆಯೇ ಬದುಕಿದವಳಿಗೆ ಇಷ್ಟು ಹೊಳೆಯಬಾರದೇ? ಹೊಳೆಯಲಿಲ್ಲ. ಕೈಗೆ ನನ್ನೂರು ಶಿರ್ವದ ಶಾಲೆಯಲ್ಲಿ ಕಲಿತ ಅಭ್ಯಾಸ.

ನಾನು ಕಂಡ ಮೊದಲ ಪುಟದಲ್ಲಿ ಒಬ್ಬ ಮನುಷ್ಯ ಕನ್ನಡಿಯ ಮುಂದೆ ಕುಳಿತಿದ್ದ. ಅರ್ಧ ತಲೆಯಲ್ಲಿ ಕೂದಲು, ಉಳಿದರ್ಧ ನುಣ್ಣಗೆ ಬೋಳು. ಕಣ್ಣಲ್ಲಿ ನೀರು. ಇವನೇ ಖಳನಾಯಕ, ಏನೋ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದಿದ್ದಾನೆ, ಚೆನ್ನಾಗಿಯೇ ಆಯಿತು ಎಂದುಕೊಂಡೆ. ರಿಯಾ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ, ಈ ಮುಖ ನೋಡಿದರೇ ಗೊತ್ತಾಗುತ್ತದೆ ಇವನು ಸರಿಯಿಲ್ಲ ಎಂದೆ. ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು, ಮಂಚದ ಮೇಲೆ ಬಿದ್ದು ನಕ್ಕಳು.

"ಮಮ್ಮಾ, ಹೀ ಈಸ್ ದ ಹೀರೋ. ಅಂಡ್ ದಟ್ ಈಸ್ ದ ಎಂಡ್."

ಕಥೆ ಏನೆಂದು ಆಮೇಲೆ ಅವಳೇ ಹೇಳಿದಳು. ಒಂದು ಬಂದರಿನ ಊರು. ಅಲ್ಲೊಬ್ಬ ಕ್ಷೌರಿಕ, ಹಗಲೆಲ್ಲ ತಗ್ಗಿದ ದನಿಯಲ್ಲಿ ಮಾತಾಡುವ, ಬಿಸಿ ಟವೆಲನ್ನು ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿ ಆಮೇಲೆ ಗಿರಾಕಿಯ ಮುಖಕ್ಕೆ ಇಡುವ ಸಾಧು ಮನುಷ್ಯ. ಕತ್ತಲಾದ ಮೇಲೆ ಬಿಳಿ ಮುಖವಾಡ ಹಾಕಿಕೊಂಡು ಹೊರಡುತ್ತಾನೆ. ಕೋರ್ಟಿನಲ್ಲಿ ತಪ್ಪಿಸಿಕೊಂಡವರ ಮನೆಗೆ ನುಗ್ಗಿ, ಅವರು ನಿದ್ದೆಯಲ್ಲಿರುವಾಗಲೇ ಅರ್ಧ ತಲೆ ಬೋಳಿಸಿ ಬರುತ್ತಾನೆ. ಕಳಪೆ ಸೇತುವೆ ಕಟ್ಟಿದ ಕಂತ್ರಾಟುದಾರ, ಸುಳ್ಳು ಔಷಧ ಮಾರಿದ ಡಾಕ್ಟರು, ಎಲ್ಲರೂ ಬೆಳಿಗ್ಗೆ ಎದ್ದು ತಲೆ ಮುಟ್ಟಿಕೊಂಡು ಕಿರುಚುತ್ತಾರೆ. ಊರು ಕೈ ತಟ್ಟಿ ನಗುತ್ತದೆ.

ನನಗೂ ಒಳಗೊಳಗೇ ಇಷ್ಟವಾಯಿತು, ಸುಳ್ಳೇಕೆ ಹೇಳಲಿ. ತಲೆ ಬೋಳಿಸಿ, ಸುಣ್ಣದ ಬೊಟ್ಟಿಟ್ಟು, ಕತ್ತೆಯ ಮೇಲೆ ಮೆರವಣಿಗೆ ಮಾಡುವುದು ನಮ್ಮ ಹಳೆಯ ಕಾಲದವರಿಗೂ ಗೊತ್ತಿದ್ದ ವಿದ್ಯೆಯೇ. ಜಪಾನಿನವರು ಕತ್ತೆ ಬಿಟ್ಟಿದ್ದಾರೆ, ಅಷ್ಟೇ. ನಾನು ಆಸ್ಪತ್ರೆಯೊಂದರ ಅಪಾಯಿಂಟ್‌ಮೆಂಟ್ ಕೌಂಟರಿನಲ್ಲಿ ಕೂರುವವಳು. ಕ್ಯೂ ಮುರಿದು ಮುಂದೆ ಬಂದು, "ಜಸ್ಟ್ ಒನ್ ಕ್ವೆಶ್ಚನ್ ಸಿಸ್ಟರ್" ಎಂದು ಹತ್ತು ಪ್ರಶ್ನೆ ಕೇಳುವವರ ತಲೆಗಳನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಬೋಳಿಸಿದ್ದೇನೋ.

ಆದರೂ ತಾಯಿಯಾದವಳು ಮಗಳ ಎದುರು ಹಾಗೆನ್ನಬಾರದಲ್ಲ. ಶಿಕ್ಷೆ ಕೊಡಲು ಇವನು ಯಾರು ಎಂದು ಕೇಳಿದೆ. ಕೋರ್ಟು ಬಿಟ್ಟುಬಿಟ್ಟರೆ ಇನ್ನಾರು ಕೊಡಬೇಕು ಎಂದಳು ಅವಳು. ತಪ್ಪಾಗಿ ಬೇರೆಯವರ ತಲೆಗೆ ಕತ್ತರಿ ಬಿದ್ದರೆ ಎಂದೆ. ಕೂದಲು ತಾನೇ ಮಮ್ಮಾ, ಮತ್ತೆ ಬೆಳೆಯುತ್ತದೆ ಎಂದಳು. ಆಮೇಲೆ, ಅಂಥದ್ದೇ ಒಂದು ಕಥೆಯಲ್ಲಿ ಬರುತ್ತದೆ ಎಂದು ಒಪ್ಪಿಕೊಂಡಳು. ಹೆಸರು ಒಂದೇ ಇದ್ದ ಕಾರಣಕ್ಕೆ ಕ್ಷೌರಿಕ ಒಬ್ಬ ಶಾಲಾ ಮಾಸ್ತರರ ತಲೆ ಬೋಳಿಸಿಬಿಡುತ್ತಾನೆ. ಅವರ ಕೂದಲೇನೋ ಬೆಳೆಯುತ್ತದೆ, ಆದರೆ ಅವರು ಮತ್ತೆಂದೂ ಶಾಲೆಗೆ ಬರುವುದಿಲ್ಲ. ಅದು ಗೊತ್ತಾದ ಮೇಲೆ ಕ್ಷೌರಿಕ ತನ್ನದೇ ಅರ್ಧ ತಲೆ ಬೋಳಿಸಿಕೊಂಡು ಬೆಳಿಗ್ಗೆ ಅಂಗಡಿ ತೆರೆಯುತ್ತಾನೆ, ನಾನು ನೋಡಿದ ಪುಟ ಅದೇ.

ನಾನು ನನ್ನ ಅಜ್ಜಿಯ ಕಥೆ ಹೇಳಿದೆ. ಅಜ್ಜಿಯ ಹೇಂಟೆ ಕಳುವಾದಾಗ ಅವಳು ಯಾರ ಮನೆಗೂ ಹೋಗಿ ಜಗಳ ಮಾಡಲಿಲ್ಲ. ಬಾವಿಕಟ್ಟೆಯಲ್ಲಿ ನಾಲ್ಕು ಜನ ಸೇರಿದ ಹೊತ್ತು ನೋಡಿ, ಕೊಡ ಇಳಿಸಿ, ಕಳೆದದ್ದು ಹುಡುಕಿಕೊಡುವ ಸಂತ ಅಂತೋನಿಗೆ ಮೇಣದ ಬತ್ತಿಯ ಹರಕೆ ಹೊತ್ತಿದ್ದೇನೆ, ನಾಳೆ ಆಚೆಮನೆಯವರ ಕೈಯಲ್ಲಿ ದೈವಕ್ಕೂ ಹೇಳಿಸುತ್ತೇನೆ, ದರ್ಗಾಕ್ಕೂ ಎಣ್ಣೆ ಕಳಿಸುತ್ತೇನೆ ಎಂದಳಂತೆ. ನಾವು ಕ್ರಿಸ್ತುವರು, ದೈವ ದರ್ಗಾ ಎಲ್ಲ ಯಾಕೆ ಎಂದು ಅಜ್ಜ ಗದರಿದರೆ, ಕದ್ದವನು ಯಾವ ಜಾತಿಯೋ ಯಾರಿಗೆ ಗೊತ್ತು, ಅವನಿಗೆ ಹೆದರಿಕೆ ಆಗಬೇಕಲ್ಲ ಎಂದಳು. ಸಂಜೆಗೆ ಹೇಂಟೆ ಅಂಗಳದಲ್ಲಿತ್ತು. ಅಜ್ಜಿ ಯಾರ ಹೆಸರನ್ನೂ ಎತ್ತಲಿಲ್ಲ, ಕದ್ದವನಿಗೆ ಕತ್ತಲಲ್ಲಿ ಬಂದು ಬಿಟ್ಟು ಹೋಗಲು ಒಂದು ದಾರಿ ಉಳಿಯಿತು. ಇದರಲ್ಲಿರುವ ವಿವೇಕವನ್ನು ನಾನು ಮಗಳಿಗೆ ಬಹಳ ಹೊತ್ತು ವಿವರಿಸಿದೆ. ಅವಳು ಆಕಳಿಸಿದಳು.

ಅದೇ ವಾರ ನಮ್ಮ ಬಿಲ್ಡಿಂಗಿನಲ್ಲಿ ಕಳ್ಳತನವಾಯಿತು.

ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮದೊಂದು ಹಳೆಯ ಕಟ್ಟಡ. ನಮ್ಮ ಮನೆ ಕಾರಿಡಾರಿನ ಕೊನೆಗೆ. ಪಕ್ಕದ ಬಾಗಿಲು ಹನೀಫರದ್ದು, ಉಳ್ಳಾಲದ ಬ್ಯಾರಿ ಕುಟುಂಬ. ಎರಡೂ ಮನೆಗೆ ಸೇರಿ ಹೊರಗೆ ಒಂದೇ ಶೂ ರ‍್ಯಾಕು. ಊರಿನಿಂದ ಯಾರು ಬಂದರೂ ಹತ್ತು ಮನೆಯ ಗಂಟು ಹೊತ್ತು ತರುವುದು ಇಲ್ಲಿಯ ಪದ್ಧತಿ. ತಂದವನು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಗಂಟನ್ನು ಶೂ ರ‍್ಯಾಕಿನ ಮೇಲೆ ಇಟ್ಟು ಹೋಗುತ್ತಾನೆ. ಗಂಟಿನ ಮೇಲೆ ಹೊತ್ತು ತಂದವನ ಹೆಸರು ಇರುತ್ತದೆ, ವಿಮಾನದವರಿಗೆ ಅದೇ ಬೇಕು. ಯಾರಿಗೆ ಸೇರಬೇಕು ಎಂಬುದು ಅವನ ತಲೆಯಲ್ಲಿ ಮಾತ್ರ. ಎಲ್ಲ ಗಂಟುಗಳೂ ಅದೇ ಹಳೆಯ ಅಕ್ಕಿಚೀಲ, ಅದೇ ನೀಲಿ ನೈಲಾನ್ ದಾರದ ಹೊಲಿಗೆ. ಒಳಗೂ ಅದೇ ಹಪ್ಪಳ, ಪುನರ್ಪುಳಿ, ಒಣ ಸಿಗಡಿ ಚಟ್ನಿ.

ಹನೀಫರ ತಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ನಾವು ಅವರನ್ನು ಉಮ್ಮ ಎನ್ನುತ್ತೇವೆ. ಸಾಮಾನು ಹೆಚ್ಚಾಯಿತೆಂದು ಅವರು ಊರಲ್ಲೇ ಬಿಟ್ಟು ಬಂದಿದ್ದ ಒಂದು ಗಂಟು ಮತ್ತೊಬ್ಬರ ಕೈಯಲ್ಲಿ ಬಂದಿತ್ತಂತೆ. ರ‍್ಯಾಕಿನ ಮೇಲಿಟ್ಟದ್ದು ಮಾಯ. ಹನೀಫರು ಬಾಗಿಲಿಗೆ ಕ್ಯಾಮೆರಾ ಹಾಕಿಸಿದ್ದರು, ಅದಕ್ಕೆ ರ‍್ಯಾಕಿನಾಚೆ ಏನೂ ಕಾಣುವುದಿಲ್ಲ. ಅದರಿಂದ ಒಂದು ಚಿತ್ರ ತೆಗೆದು ಬಿಲ್ಡಿಂಗ್ ಗ್ರೂಪಿಗೆ ಹಾಕಿದರು. ಈ ದೇಶದಲ್ಲಿ ಒಬ್ಬರ ಒಪ್ಪಿಗೆಯಿಲ್ಲದೆ ಅವರ ಫೋಟೋ ಹಂಚುವುದೇ ತಪ್ಪು. ಅದು ಗೊತ್ತಿದ್ದವರೆಲ್ಲ ಆ ದಿನ ಮರೆತಿದ್ದೆವು.

ಚಿತ್ರದಲ್ಲಿ ಒಬ್ಬ ಗಂಡಸು ಬಗ್ಗಿ ಗಂಟು ಎತ್ತುತ್ತಿದ್ದ. ಅಂದು ಧೂಳು ಗಾಳಿಯ ದಿನ. ಮುಖಕ್ಕೆ ಮಾಸ್ಕು, ತಲೆಗೆ ನೀಲಿ ಟೋಪಿ. ಕಂಡದ್ದು ಹೆಚ್ಚಾಗಿ ಬೆನ್ನು. ನಮ್ಮ ನಾತೂರ್ ಶಫೀಕ್ ನೀಲಿ ಟೋಪಿ ಹಾಕುತ್ತಾನೆ. ನಾತೂರ್ ಎಂದರೆ ಕಟ್ಟಡದ ಕಾವಲಿನವನು, ಲಿಫ್ಟು ಕೆಟ್ಟರೂ ನಲ್ಲಿ ಸೋರಿದರೂ ಎಲ್ಲರೂ ಕೂಗುವುದು ಅವನನ್ನೇ. ಚಿತ್ತಗಾಂಗ್ ಕಡೆಯವನು. ಯಾರೋ ಟೋಪಿಯ ಮಾತು ತೆಗೆದರು. ಇನ್ನೊಬ್ಬರು, ಮೊನ್ನೆ ನಮ್ಮ ಮಗುವಿನ ಸೈಕಲ್ಲೂ ಕಾಣುತ್ತಿಲ್ಲ ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವುದಕ್ಕೆ ನಮ್ಮ ಗ್ರೂಪಿನಲ್ಲಿ ಜನರಿಗೆ ಕೊರತೆಯಿಲ್ಲ. ಅಜ್ಜಿಯ ಹೇಂಟೆಯ ವಿವೇಕವನ್ನು ಮಗಳಿಗೆ ಬೋಧಿಸಿದ ನಾನು ಏನು ಮಾಡಿದೆ ಗೊತ್ತೇ? ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಹೌದು ಶಫೀಕನೇ ಎಂದು ಖಾತ್ರಿ ಮಾಡಿಕೊಂಡು, ಮಕ್ಕಳಿರುವ ಬಿಲ್ಡಿಂಗ್, ಮ್ಯಾನೇಜ್‌ಮೆಂಟಿಗೆ ಹೇಳಿ ಇವನನ್ನು ಬದಲಾಯಿಸುವುದೇ ಒಳ್ಳೆಯದು ಎಂದು ಬರೆದೆ. ಹೆಬ್ಬೆರಳುಗಳ ಸಾಲೇ ಬಂತು. ಇಷ್ಟು ಜನ ನನ್ನ ಮಾತನ್ನು ಒಮ್ಮೆಗೇ ಒಪ್ಪಿದ್ದು ನನ್ನ ಜೀವಮಾನದಲ್ಲಿ ಇಲ್ಲ. ಬಹಳ ಹಿತವಾಯಿತು. ಮುಖವಾಡ ಹಾಕಿಕೊಂಡು ಹೊರಟ ಕ್ಷೌರಿಕನಿಗೂ ಹೀಗೇ ಆಗುತ್ತಿತ್ತೋ ಏನೋ.

ಇದನ್ನು ಬರೆಯುವಾಗ ನಾನು ಊಟ ಮಾಡುತ್ತಿದ್ದೆ. ಕುಚ್ಚಲಕ್ಕಿ ಗಂಜಿ, ನೆಂಚಿಕೊಳ್ಳಲು ಒಣ ಸಿಗಡಿ ಚಟ್ನಿ. ಹಿಂದಿನ ಸಂಜೆ ನನ್ನ ಗಂಡ ಸಿರಿಲ್ ಊರಿನ ಗಂಟು ಬಂದಿದೆ ಎಂದು ತಂದಿದ್ದರು. ಅವರ ತಂಗಿ ಕಳಿಸುತ್ತೇನೆಂದು ಹೇಳಿದ್ದಳು. ಈ ನಾದಿನಿಯ ಚಟ್ನಿಯನ್ನು ನಾನು ಎಂದೂ ಹೊಗಳಿದವಳಲ್ಲ. ಆದರೆ ಈ ಸಲ, ಪರವಾಗಿಲ್ಲ, ಕೈಗೆ ಹದ ಬಂದಿದೆ ಎಂದು ಗಂಡನ ಎದುರು ಒಪ್ಪಿಕೊಂಡೆ. ಫೋನು ಮಾಡಿ ಅವಳಿಗೆ ಹೇಳುವಷ್ಟು ಮಾತ್ರ ಮನಸ್ಸು ದೊಡ್ಡದಾಗಲಿಲ್ಲ. ಸಿರಿಲ್ ಗ್ರೂಪಿನಲ್ಲಿಲ್ಲ, ಅದೊಂದು ತಲೆನೋವು ಎನ್ನುತ್ತಾರೆ. ಪಕ್ಕದ ಮನೆಯ ಸಾಮಾನು ಕಳುವಾಯಿತಂತೆ ಎಂದಾಗ, ಈಗಿನ ಕಾಲದಲ್ಲಿ ಯಾರನ್ನೂ ನಂಬುವ ಹಾಗಿಲ್ಲ ಎಂದು ಹೇಳಿ ಇನ್ನೊಂದು ಚಮಚ ಹಾಕಿಕೊಂಡರು. ಪಾಪ ಉಮ್ಮ ಎಂದು ನನ್ನ ಕರುಳು ಚುರುಕ್ ಎಂದಿತು. ಒಂದು ಬಟ್ಟಲಲ್ಲಿ ಚಟ್ನಿ ಹಾಕಿ ರಿಯಾಳ ಕೈಯಲ್ಲಿ ಅವರಿಗೆ ಕಳಿಸಿದೆ. ಮರುದಿನ ಬಟ್ಟಲು ಹಿಂದೆ ಬಂತು, ಪದ್ಧತಿಯಂತೆ ಖಾಲಿ ಅಲ್ಲ. ತುಂಬ ಕಲ್ತಪ್ಪ ಇತ್ತು, ಬೆಲ್ಲ ಹಾಕಿ ಸುಟ್ಟ ಬ್ಯಾರಿಗಳ ಅಪ್ಪ. ಎಷ್ಟು ಒಳ್ಳೆಯವರು ಎಂದು ಮೂವರೂ ಹಂಚಿ ತಿಂದೆವು.

ಮತ್ತೊಂದು ದಿನ ಕಳೆದು ನಾದಿನಿಯ ಫೋನು ಬಂತು. ಗಂಟು ತರಬೇಕಾದವನ ಟಿಕೆಟ್ ಮುಂದಕ್ಕೆ ಹೋಗಿತ್ತಂತೆ. ಇವತ್ತು ಹೊರಡುತ್ತಾನೆ, ಸಾಮಾನು ಈಗಷ್ಟೇ ಕೊಟ್ಟು ಬಂದೆ ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಹೆಗಲ ಮೇಲೆ ಕುಂಬಳಕಾಯಿ ಇಟ್ಟುಕೊಂಡೇ ಪಕ್ಕದವನ ಹೆಗಲು ತೋರಿಸಿದವಳು ನಾನೊಬ್ಬಳೇ ಇರಬೇಕು. ನಾನು ಫೋನು ಇಟ್ಟು ಆ ಚಿತ್ರವನ್ನು ಮತ್ತೆ ತೆಗೆದೆ. ಅದೇ ಚಿತ್ರ. ಎಡ ಭುಜ ಒಂದಿಷ್ಟು ಕೆಳಗೆ ಇಳಿದಿದೆ; ಹೋಟೆಲಿನ ಉಗ್ರಾಣದಲ್ಲಿ ವರ್ಷಗಟ್ಟಲೆ ಮೂಟೆ ಎತ್ತಿ ಹಾಗಾದದ್ದು, ಆ ಭುಜಕ್ಕೆ ಎಣ್ಣೆ ತಿಕ್ಕುವವಳು ನಾನೇ. ನೀಲಿ ಟೋಪಿ ಅಲ್ ಮೀನಾದ ಮೀನು ಮಾರ್ಕೆಟಿಗೆ ಹೋದಾಗ ಬಿಸಿಲಿಗೆಂದು ನಾನೇ ತೆಗೆಸಿಕೊಟ್ಟದ್ದು. ನನ್ನ ಸ್ವಂತ ಗಂಡನ ಬೆನ್ನನ್ನು ನಾನು ಗುರುತಿಸಿರಲಿಲ್ಲ.

ಸಂಜೆ ಸಿರಿಲ್ ಬಂದಾಗ ಫೋನು ಮುಂದೆ ಹಿಡಿದೆ. ಅವರು ಕುಳಿತೇಬಿಟ್ಟರು. ಸ್ವಲ್ಪ ಸುಧಾರಿಸಿಕೊಂಡು ಒಂದು ಉಪಾಯ ಹೇಳಿದರು: ಎರಡು ದಿನದಲ್ಲಿ ನಮ್ಮ ಗಂಟು ಬರುತ್ತದೆ, ಸದ್ದಿಲ್ಲದೆ ರ‍್ಯಾಕಿನ ಮೇಲೆ ಇಟ್ಟುಬಿಡೋಣ, ಸಿಕ್ಕಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅಜ್ಜಿಯ ಹೇಂಟೆಯೂ ಹಾಗೆಯೇ ಬಂತಲ್ಲ ಎಂದು ನನಗೂ ಅನ್ನಿಸಿತು. ಕದ್ದವರಿಗೆ ಇರುವ ದಾರಿಯ ಬೆಲೆ ನನಗೆ ಆಗ ತಿಳಿಯಿತು ನೋಡಿ. ರಿಯಾ ಅಲ್ಲೇ ಸೋಫಾದ ಮೂಲೆಯಲ್ಲಿದ್ದಳು.

"ಶಫೀಕ್ ಭಾಯಿಗೆ ನಾಳೆ ಮ್ಯಾನೇಜ್‌ಮೆಂಟ್ ಆಫೀಸಿಗೆ ಬರ್ಲಿಕ್ಕೆ ಹೇಳಿದ್ದಾರೆ ಮಮ್ಮಾ," ಎಂದಳು. "ಪಾಸ್‌ಪೋರ್ಟ್ ತರ್ಲಿಕ್ಕೆ ಹೇಳಿದ್ದಾರಂತೆ. ಲಿಫ್ಟಲ್ಲಿ ಎಲ್ಲರೂ ಮಾತಾಡ್ತಿದ್ದಾರೆ."

ಪಾಸ್‌ಪೋರ್ಟ್ ಎಂದರೆ ಏನೆಂದು ಗಲ್ಫಿನಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ವೀಸಾ ಖಲಾಸ್, ಅವನು ಊರಿಗೆ. ಅಜ್ಜಿಯ ಹೇಂಟೆಯ ಕಥೆಯಲ್ಲಿ ಯಾರ ಹೆಸರೂ ಬಂದಿರಲಿಲ್ಲ, ನಮ್ಮ ಕಥೆಯಲ್ಲಿ ಬಂದಾಗಿತ್ತು. ಸಿರಿಲ್ ಎದ್ದು ಚಪ್ಪಲಿ ಹಾಕಿಕೊಂಡರು, ನಾನೂ ಹೊರಟೆ.

ಹನೀಫರು ಇನ್ನೂ ಕೆಲಸದಿಂದ ಬಂದಿರಲಿಲ್ಲ. ಉಮ್ಮ ಹಾಲ್‌ನಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸಿರಿಲ್ ನಿಂತೇ ಗಂಟಿನ ಕಥೆ ಹೇಳಿದರು, ನಾನು ನೆಲ ನೋಡುತ್ತಿದ್ದೆ. ಮುಗಿದಾಗ ಉಮ್ಮ ಸಿಪ್ಪೆ ಝಾಡಿಸಿ ನಕ್ಕರು.

"ನಿನ್ನ ಮಗಳು ಬಟ್ಟಲು ತಂದ ದಿನವೇ ನನಗೆ ಗೊತ್ತಾಯ್ತು ಮಗಳೇ. ನನ್ನ ಕೈಯ ಚಟ್ನಿ ನನಗೆ ಗೊತ್ತಾಗುದಿಲ್ವಾ? ಕದ್ದವರು ಯಾರಾದ್ರೂ ಬಟ್ಟಲಲ್ಲಿ ಹಾಕಿ ಕಳಿಸ್ತಾರಾ? ತಪ್ಪಿ ಹೋದದ್ದು ಅಂತ ಸುಮ್ಮನಾದೆ. ಮಗನಿಗೆ ಹೇಳಿದ್ರೆ ಅವ ಅದನ್ನೂ ಫೋನಿಗೆ ಹಾಕ್ತಾನೆ ಅಂತ ಹೇಳ್ಲಿಲ್ಲ." ಆಮೇಲೆ ಸ್ವಲ್ಪ ಮುಂದೆ ಬಾಗಿ ಕೇಳಿದರು. "ಅದಿರ್ಲಿ, ಉಪ್ಪು ಸಮ ಇತ್ತಾ?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ವಿಸ್ತರಿಸಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಕ್ಯಾಮೆರಾ ಇದ್ದ ನಮಗೆಲ್ಲ ತಪ್ಪಾಳು ಕಂಡ, ನಾಲಗೆ ಇದ್ದ ಉಮ್ಮನಿಗೆ ಸರಿಯಾಳು ಸಿಕ್ಕಿದ. ಸಿಕ್ಕ ಮೇಲೂ ಅವರಿಗೆ ಉಪ್ಪಿನದೇ ಚಿಂತೆ. ಸಮ ಇತ್ತು ಉಮ್ಮ ಎಂದೆ, ಕಣ್ಣು ತುಂಬಿಬಂತು. ಆದರೆ ಶಫೀಕನ ವಿಷಯ ಹೇಳಿದಾಗ ಅವರ ನಗು ನಿಂತಿತು. ಫೋನಿನಲ್ಲಿ ಅವನ ಹೆಸರು ಬಂದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಅವನನ್ನು ಆಫೀಸಿಗೆ ಕರೆಯುತ್ತಿರಲಿಲ್ಲವಲ್ಲ ಎಂದು ಬೆಳ್ಳುಳ್ಳಿಯ ಕೈಯನ್ನೇ ಹಣೆಗೆ ಹಚ್ಚಿಕೊಂಡರು. ಒಳ್ಳೆಯತನ ಸುಮ್ಮನೆ ಕುಳಿತರೂ ಅದರ ಪೆಟ್ಟು ಎಲ್ಲೋ ಯಾರಿಗೋ ಬೀಳುತ್ತದೆ ಎಂಬುದು ಅವರಿಗೂ ನನಗೂ ಒಟ್ಟಿಗೇ ಅರ್ಥವಾಯಿತು. ಅಲ್ಲಿಂದಲೇ ಮಗನಿಗೆ ಫೋನು ಮಾಡಿಸಿದರು, ಹನೀಫರು ದಾರಿಯಲ್ಲೇ ಕಾರು ನಿಲ್ಲಿಸಿ ಆಫೀಸಿನವರೊಂದಿಗೆ ಮಾತಾಡಿದರು. ಶಫೀಕ್ ನಾಳೆ ಬರುವುದು ಬೇಡ ಎಂದಾಯಿತು.

ಇನ್ನು ಗ್ರೂಪು. ತೀರ್ಪು ಕೊಟ್ಟ ಜಾಗದಲ್ಲೇ ತಪ್ಪೊಪ್ಪಿಗೆಯೂ ಆಗಬೇಕಲ್ಲ. ಕಳ್ಳ ಸಿಕ್ಕಿದ್ದಾನೆ, ಚಿತ್ರದಲ್ಲಿರುವುದು ನನ್ನ ಗಂಡ, ತಮ್ಮದೆಂದು ತಿಳಿದು ತಂದರು, ತಿಂದವಳು ನಾನು, ಶಫೀಕನ ಮೇಲೆ ಬರೆದದ್ದಕ್ಕೆ ನಾಚಿಕೆಯಾಗಿದೆ ಎಂದು ಬರೆದೆ. ಅರ್ಧ ತಲೆ ಬೋಳಿಸಿಕೊಂಡು ಬೆಳಿಗ್ಗೆ ಅಂಗಡಿ ತೆರೆದ ಅನುಭವವೇ. ಬೈಗುಳಕ್ಕೆ ಸಿದ್ಧಳಾಗಿ ಕುಳಿತೆ. ಬಂದದ್ದು ನಗುವ ಮುಖಗಳು. ಒಬ್ಬರು ಚಟ್ನಿಯ ರೆಸಿಪಿ ಕೇಳಿದರು. ಮತ್ತೊಬ್ಬರು, ಆಗುತ್ತದೆ ಬಿಡಿ, ನಾನೂ ಒಮ್ಮೆ ಬೇರೆಯವರ ಸೂಟ್‌ಕೇಸ್ ತಂದಿದ್ದೆ ಎಂದರು. ಸೈಕಲ್ಲಿನವರು, ಸೈಕಲ್ ಬಾಲ್ಕನಿಯಲ್ಲೇ ಇತ್ತು ಎಂದು ಬರೆದು ಅವರೂ ನಕ್ಕರು. ಅದೇ ಚಿತ್ರ, ಅದೇ ಗಂಟು, ಅದೇ ಕೈ. ಅದು ಶಫೀಕನ ಕೈ ಎಂದಿದ್ದಾಗ ಕಳ್ಳತನ. ಸಿರಿಲರ ಕೈ ಎಂದಾದಾಗ ಮರೆವು. ನನಗೆ ಸಿಕ್ಕ ಕ್ಷಮೆ ನನಗೇ ಸ್ವಲ್ಪ ಕಹಿಯಾಯಿತು.

ನಮ್ಮ ಗಂಟು ಬಂದ ದಿನ ಚಟ್ನಿಯನ್ನು ಉಮ್ಮನ ಮನೆಗೆ ಕೊಟ್ಟು, ಇನ್ನೊಂದು ಬಾಟಲಿ ತುಂಬಿಸಿಕೊಂಡು ಕೆಳಗೆ ಹೋದೆ. ಶಫೀಕ್ ಗಾಜಿನ ಬಾಗಿಲು ಒರೆಸುತ್ತಿದ್ದ. ಮಾಫಿ ಕೇಳಲು ಮನೆಯಲ್ಲಿ ಹಿಂದಿಯ ವಾಕ್ಯಗಳನ್ನು ಜೋಡಿಸಿಕೊಂಡೇ ಹೋಗಿದ್ದೆ, ಅರ್ಧದಲ್ಲಿ ಎಲ್ಲ ಕಲಸಿಹೋಯಿತು. ಅವನು ಕೈ ಒರೆಸಿಕೊಂಡು ಬಾಟಲಿ ತೆಗೆದುಕೊಂಡ, ಮುಚ್ಚಳ ಬಿಚ್ಚಿ ಮೂಸಿ ನೋಡಿದ, ನಮ್ಮ ಕಡೆಯೂ ಇಂಥದ್ದೇ ಮಾಡುತ್ತಾರೆ ಎಂದ. ಮತ್ತೆ ಬಟ್ಟೆ ಕೈಗೆತ್ತಿಕೊಂಡ ಮೇಲೆ, ಗಾಜಿನ ಕಡೆಗೇ ನೋಡುತ್ತಾ, ಕೋಪವಿಲ್ಲದೆ ಹೇಳಿದ:

"ಮೇಡಂ, ಫೋಟೋ ಮೇ ತೋ ಮೈ ಥಾ ಹೀ ನಹೀ. ಫಿರ್ ಭೀ ಸಬ್ ಕೋ ಮೈ ಹೀ ದಿಖಾ."

ಚಿತ್ರದಲ್ಲಿ ನಾನು ಇರಲೇ ಇಲ್ಲ. ಆದರೂ ಎಲ್ಲರಿಗೂ ಕಂಡದ್ದು ನಾನೇ. ಲಿಫ್ಟು ಬಂತು, ಅವನೇ ಬಾಗಿಲು ಹಿಡಿದು ನಿಂತ.

ಆ ಭಾನುವಾರ ರಿಯಾಳ ಪುಸ್ತಕವನ್ನು ಕೇಳಿ ಪಡೆದೆ, ಈ ಸಲ ಬಲಗಡೆಯಿಂದ ತೆರೆದೆ. ನಿಜವಾದ ಮೊದಲ ಪುಟದಲ್ಲಿ ಕ್ಷೌರಿಕ ತನ್ನ ಅಂಗಡಿಯಲ್ಲಿ ನಿಂತಿದ್ದಾನೆ. ತಲೆ ತುಂಬ ಕೂದಲಿದೆ. ಬಿಸಿ ಟವೆಲನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಾನೆ, ಗಿರಾಕಿಗೆ ಚುರುಕ್ ಅನ್ನದಿರಲಿ ಎಂದು. ಮುಖವಾಡ ಇನ್ನೂ ಹಾಕಿಲ್ಲ. ಎಷ್ಟು ಒಳ್ಳೆಯ ಮುಖ! ನಮ್ಮ ಬಿಲ್ಡಿಂಗ್ ಗ್ರೂಪಿನಲ್ಲಿ ಇಂಥವರೇ ಇರುವುದು.